ಓದುಗರ ಕಿಂಡಿ: ಮುಂಜಾನೆ ಗಾಡಿ, ತಿಂಗಳ ಪಾಸು ಮತ್ತು ನಮ್ಮೂರ ಸ್ಟೇಷನ್ನು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರೈಲಿನವೇ. ಹೋದ ಸಂಚಿಕೆಯಲ್ಲಿ "ನಿಮ್ಮೂರ ಸ್ಟೇಷನ್ ಬಗ್ಗೆ ಕೇಳಿ" ಎಂದು ಒಂದು ಸಾಲು ಹಾಕಿದ್ದೆವು. ಹುಬ್ಬಳ್ಳಿ–ಗದಗ ಹಳಿಯವರು, ಹುಬ್ಬಳ್ಳಿ–ಹಾವೇರಿ ಹಳಿಯವರು ಪೈಪೋಟಿಗೆ ಬಿದ್ದು ಬರೆದಿದ್ದಾರೆ. ಒಂದೇ ಮಾತನ್ನು ಹಲವರು ಕೇಳಿದ ಕಡೆ ಒಂದು ಪತ್ರ ಮಾತ್ರ ಇಟ್ಟುಕೊಂಡಿದ್ದೇನೆ. ಬೈದು ಬರೆದವರ ಪತ್ರದಲ್ಲಿ ಬೈಗುಳ ತೆಗೆದು ಪ್ರಶ್ನೆ ಉಳಿಸಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಎಲ್ಲರ ಹೆಸರೂ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮೂರಲ್ಲಿ ಪ್ಯಾಸೆಂಜರ್ ಬಿಟ್ಟರೆ ಬೇರೆ ಯಾವ ಗಾಡಿಯೂ ನಿಲ್ಲಲ್ಲ. ಎಕ್ಸ್‌ಪ್ರೆಸ್‌ಗಳೆಲ್ಲ ಧೂಳೆಬ್ಬಿಸಿ ಹೋಗುತ್ತವೆ. ಮನವಿ ಕೊಟ್ಟೆವು, ಫೋಟೋ ತೆಗೆಸಿಕೊಂಡೆವು, ಪೇಪರಿನಲ್ಲೂ ಬಂತು. ಗಾಡಿ ಮಾತ್ರ ನಿಲ್ಲಲಿಲ್ಲ. ಇನ್ನೇನು ಮಾಡಬೇಕು?
— ಪಾಸಿನ ಗಿರಾಕಿ, ಹುಬ್ಬಳ್ಳಿ–ಗದಗ ನಡುವಿನ ಒಂದು ಊರು

ಉತ್ತರ: ಅಣ್ಣಾ, ಫೋಟೋ ತೆಗೆಸಿಕೊಂಡದ್ದು ತಪ್ಪಲ್ಲ, ಆದರೆ ರೈಲ್ವೆಯವರು ನೋಡುವ ಕಾಗದ ಬೇರೆ. ನಿಮ್ಮ ಸ್ಟೇಷನ್ನಿನಿಂದ ದಿನಕ್ಕೆ ಎಷ್ಟು ಟಿಕೆಟ್ ಹೋಗುತ್ತವೆ, ಯಾವ ಊರಿಗೆ ಹೋಗುತ್ತವೆ, ಎಷ್ಟು ದುಡ್ಡು ಬರುತ್ತದೆ — ಮೊದಲು ನೋಡುವುದು ಇದನ್ನೇ. ಒಂದು ಎಕ್ಸ್‌ಪ್ರೆಸ್ ಒಂದು ನಿಮಿಷ ನಿಂತರೆ ಹೋಗುವುದು ಒಂದೇ ನಿಮಿಷ ಅಲ್ಲ. ದೂರದಿಂದಲೇ ವೇಗ ಇಳಿಸಬೇಕು, ನಿಲ್ಲಬೇಕು, ಮತ್ತೆ ಎತ್ತಿ ಓಡಿಸಬೇಕು, ಹಿಂದೆ ಬರುವ ಗಾಡಿಯನ್ನೂ ತಡೆಯಬೇಕು. ಇಷ್ಟಕ್ಕೆಲ್ಲ ತಗಲುವ ಖರ್ಚಿನ ಎದುರು ನಿಮ್ಮೂರಿನ ಟಿಕೆಟ್ ದುಡ್ಡು ಇಟ್ಟು ತೂಗುತ್ತಾರೆ. ತೂಗಿ ಸರಿ ಕಂಡರೆ ಮೊದಲು "ಪ್ರಾಯೋಗಿಕ ನಿಲುಗಡೆ" ಅಂತ ಕೊಡುತ್ತಾರೆ. ಕೆಲವು ತಿಂಗಳು ನೋಡಿ, ಜನ ಹತ್ತಿದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಸದ್ದಿಲ್ಲದೆ ತೆಗೆಯುತ್ತಾರೆ.

ಇಲ್ಲಿಯೇ ನಮ್ಮ ಹಳ್ಳಿಗಳು ಸೋಲುವುದು. ಬೆಂಗಳೂರಿಗೆ ಹೋಗುವವರು ಟಂಟಂ ಆಟೊ ಹಿಡಿದು ಹುಬ್ಬಳ್ಳಿಗೆ ಬಂದು, ಅಲ್ಲಿಂದಲೇ ಟಿಕೆಟ್ ತೆಗೆಯುತ್ತಾರೆ. ಹುಬ್ಬಳ್ಳಿಯ ಲೆಕ್ಕ ಬೆಳೆಯಿತು, ನಿಮ್ಮೂರಿನದು ಸೊನ್ನೆ. ಇನ್ನು ಕೆಲವರು "ಎರಡು ಸ್ಟೇಷನ್ ಅಷ್ಟೇ, ಯಾರು ನೋಡ್ತಾರೆ" ಅಂತ ಸುಮ್ನೆ ಹತ್ತಿ ಕೂರುತ್ತಾರೆ. ಹತ್ತು ರೂಪಾಯಿ ಉಳಿಯಿತು, ಸರಿ. ಆದರೆ ಕಾಗದದ ಮೇಲೆ ಆ ಮನುಷ್ಯ ಆ ಸ್ಟೇಷನ್ನಿಗೆ ಬಂದೇ ಇಲ್ಲ! ಪ್ಲಾಟ್‌ಫಾರ್ಮ್ ತುಂಬ ಜನ ನಿಂತಿದ್ದರೂ ರಿಜಿಸ್ಟರಿನಲ್ಲಿ ಮೂವತ್ತು ಟಿಕೆಟ್ ಇದ್ದರೆ, ಅಲ್ಲಿ ನಿಂತಿದ್ದವರು ಮೂವತ್ತೇ ಜನ.

ಇನ್ನೊಂದು ಮಾತು, ನಿಮಗೆ ಹಿಡಿಸದಿರಬಹುದು. ಎಕ್ಸ್‌ಪ್ರೆಸ್ ನಿಲ್ಲಿಸಿ ಅಂತ ಕೇಳುವುದರಲ್ಲಿ ಊರಿನ ಮರ್ಯಾದೆಯ ಪ್ರಶ್ನೆಯೇ ಜಾಸ್ತಿ ಇರುತ್ತದೆ, ಅಲ್ವಾ? ನಿಮ್ಮದೇ ಪತ್ರದ ಎರಡನೇ ಪುಟದಲ್ಲಿ ಬರೆದಿದ್ದೀರಿ: ಮುಂಜಾನೆ ಗಾಡಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಗಿರಣಿ, ಗ್ಯಾರೇಜು, ಅಂಗಡಿ ಕೆಲಸದವರಿಗೆ ಅರ್ಧ ತಾಸು ತಡವಾಗಿರುತ್ತದೆ, ಸಂಜೆ ಗಾಡಿ ಕೆಲಸ ಬಿಡುವ ಮುಂಚೆಯೇ ಹೊರಟುಬಿಡುತ್ತದೆ. ನನ್ನ ಕೇಳಿದರೆ ನಿಜವಾದ ಬೇಡಿಕೆ ಇದೇ. ಇದ್ದ ಗಾಡಿಯ ಸಮಯ ಇಪ್ಪತ್ತು-ಮೂವತ್ತು ನಿಮಿಷ ಸರಿಸಿ ಎಂದು ಕೇಳುವುದು ಹೊಸ ನಿಲುಗಡೆ ಕೇಳುವುದಕ್ಕಿಂತ ಸಲೀಸು. ಅದರಿಂದ ಲಾಭ ಆಗುವುದು ದಿನಾ ಹತ್ತುವವರಿಗೆ, ವರ್ಷಕ್ಕೆರಡು ಸಲ ಬೆಂಗಳೂರಿಗೆ ಹೋಗುವವರಿಗಲ್ಲ.

ಮುಂದಿನ ಮನವಿಯಲ್ಲಿ ಭಾಷಣ ಬೇಡ. ಯಾವ ನಂಬರಿನ ಗಾಡಿ, ಈಗ ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ಬರಬೇಕು, ಯಾರ ಕೆಲಸದ ಹೊತ್ತು ಯಾವುದು, ಪಾಸು ಇದ್ದವರು ಎಷ್ಟು ಜನ, ಇಷ್ಟು ಬರೆಯಿರಿ. ಪಾಸಿನ ಝೆರಾಕ್ಸ್ ಜೋಡಿಸಿ. ಹೊಸ ವೇಳಾಪಟ್ಟಿ ತಯಾರಾಗುವ ಮೊದಲೇ ವಿಭಾಗದ ಕಚೇರಿಗೆ ತಲುಪಬೇಕು, ಆಮೇಲೆ ಕೊಟ್ಟರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ವಿಭಾಗ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಅಂತ ಇರುತ್ತದೆ. ಅದರ ಸದಸ್ಯರು ನಿಮ್ಮ ಕಡೆಯವರು ಯಾರಾದರೂ ಇದ್ದಾರೋ ಹುಡುಕಿ, ಸಭೆಯಲ್ಲಿ ಅವರ ಬಾಯಲ್ಲಿ ಹೇಳಿಸಿ. ಮತ್ತೆ ವಿಳಾಸ ನೋಡಿ ಹಾಕಿ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ, ಸರಿ. ಆದರೆ ಅದರ ಕೆಳಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಅಂತ ಮೂರು ವಿಭಾಗ. ನಿಮ್ಮದು ಹುಬ್ಬಳ್ಳಿ ವಿಭಾಗ. ಹಾವೇರಿ, ರಾಣೆಬೆನ್ನೂರು ಕಡೆಯವರು ಹುಬ್ಬಳ್ಳಿಗೆ ಎಷ್ಟೇ ಹತ್ತಿರ ಇದ್ದರೂ ಅವರ ಅರ್ಜಿ ಹೋಗಬೇಕಾದ್ದು ಮೈಸೂರು ವಿಭಾಗಕ್ಕೆ. ಇದು ಗೊತ್ತಿಲ್ಲದೆ ಎಷ್ಟೋ ಅರ್ಜಿಗಳು ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ತಿರುಗಾಡುತ್ತಿರುತ್ತವೆ.

ಪ್ರಶ್ನೆ: ಗಾಡಿ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಸ್ಟೇಷನ್ನಿನ ಟಿಕೆಟ್ ಕಿಂಡಿ ಮುಚ್ಚಿರುತ್ತದೆ. ಟಿಕೆಟ್ ಇಲ್ಲದೆ ಹತ್ತಿದರೆ ದಂಡ, ಹತ್ತದಿದ್ದರೆ ದಿನದ ಪಗಾರ ಹೋಯಿತು. ನ್ಯಾಯ ಎಲ್ಲಿದೆ?
— ಸ್ಟೇಷನ್ ಹೆಸರು ಬೇಡ, ಕುಂದಗೋಳ ತಾಲೂಕು

ಉತ್ತರ: ಸಣ್ಣ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡಲು ಬೇರೆ ಮನುಷ್ಯ ಇರುವುದಿಲ್ಲ. ಸ್ಟೇಷನ್ ಮಾಸ್ತರರೇ ಟಿಕೆಟ್ ಕೊಡಬೇಕು, ಅವರೇ ಪಕ್ಕದ ಸ್ಟೇಷನ್ನಿನ ಜೊತೆ ಮಾತಾಡಿ ಲೈನ್ ಕ್ಲಿಯರ್ (ಮುಂದಿನ ಹಳಿ ಖಾಲಿ ಇದೆ ಅನ್ನುವ ಒಪ್ಪಿಗೆ) ತೆಗೆದುಕೊಳ್ಳಬೇಕು, ಸಿಗ್ನಲ್ ಕೊಡಬೇಕು, ಗಾಡಿ ಹೋಗುವಾಗ ಹಸಿರು ಬಾವುಟ ಹಿಡಿದು ನಿಲ್ಲಬೇಕು. ಗಾಡಿ ಹತ್ತಿರ ಬಂದಾಗ ಅವರು ಕಿಂಡಿ ಬಿಟ್ಟು ಎದ್ದರೆ ಅದು ಸೋಮಾರಿತನ ಅಲ್ಲ, ಆ ಹೊತ್ತಿನಲ್ಲಿ ಟಿಕೆಟ್ಟಿಗಿಂತ ಸಿಗ್ನಲ್ ದೊಡ್ಡದು. ಆದರೆ ಗಾಡಿ ಬರಲು ಅರ್ಧ ತಾಸು ಇರುವಾಗಲೂ ಮುಚ್ಚಿದ್ದರೆ ಅದಕ್ಕೆ ಸಬೂಬು ಇಲ್ಲ. ಅಲ್ಲೇ ದೂರಿನ ಪುಸ್ತಕ ಕೇಳಿ ಬರೆಯಿರಿ, ಇಲ್ಲಾ ರೈಲ್ವೆಯ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ದಿನಾಂಕ, ಹೊತ್ತು ಹಾಕಿ ಬರೆದದ್ದಕ್ಕೆ ಬೆಲೆ ಇದೆ.

ಇನ್ನು ನಿಮ್ಮ ದಂಡದ ವಿಚಾರ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೈಲ್ವೆ ಕಾಯ್ದೆಯ 55ನೇ ಕಲಂ ಟಿಕೆಟ್ ಇಲ್ಲದೆ ಬೋಗಿಯಲ್ಲಿ ಇರಬಾರದು ಅನ್ನುತ್ತದೆ. ಅದೇ ಕಲಂ ಒಂದು ದಾರಿಯನ್ನೂ ಬಿಟ್ಟಿದೆ. ಅಧಿಕಾರ ಇರುವ ರೈಲ್ವೆ ನೌಕರರ ಒಪ್ಪಿಗೆ ಪಡೆದು ಹತ್ತಿದರೆ, ಆಮೇಲೆ ದರ ಕೊಡುತ್ತಾನೆ ಅನ್ನುವ ಷರತ್ತಿನ ಮೇಲೆ ಅವರು ಚೀಟಿ ಬರೆದುಕೊಡಬಹುದು. ಹಳಬರು ಇದನ್ನು "ಗಾರ್ಡ್ ಚೀಟಿ" ಅನ್ನುತ್ತಿದ್ದರು. ಈಗ ಗಾರ್ಡ್ ಹುದ್ದೆಯ ಹೆಸರು 2022ರಿಂದ ಟ್ರೈನ್ ಮ್ಯಾನೇಜರ್. ಹತ್ತುವ ಮೊದಲೇ ಹೋಗಿ ಹೇಳಬೇಕು, ಇದು ಮುಖ್ಯ. ಟಿಸಿ ಬಂದು ಹಿಡಿದ ಮೇಲೆ "ಕಿಂಡಿ ಮುಚ್ಚಿತ್ತು ಸಾರ್" ಎಂದರೆ ಯಾರೂ ಕೇಳಲ್ಲ, ಪ್ರಯಾಣ ದರದ ಮೇಲೆ ಕಡಿಮೆ ಅಂದರೂ ₹250 ಕಟ್ಟಬೇಕು. ಗಾರ್ಡ್ ಡಬ್ಬಿ ಕಡೇ ತುದಿಗೆ ಇರುತ್ತದೆ, ಗಾಡಿ ನಿಲ್ಲುವುದು ಒಂದೇ ನಿಮಿಷ, ಓಡಬೇಕು ಅನ್ನುತ್ತೀರಿ. ನಿಜ. ಅದಕ್ಕೇ ದಿನಾ ಹೋಗುವವರಿಗೆ ಪಾಸೇ ಮೇಲು.

ಸ್ಮಾರ್ಟ್ ಫೋನ್ ಇದ್ದರೆ ಇನ್ನೂ ಸಲೀಸು. 2025ರ ಜುಲೈನಲ್ಲಿ ಬಂದ ರೈಲ್ವೆಯವರ ರೈಲ್‌ಒನ್ ಆ್ಯಪಿನಲ್ಲಿ ಸಾದಾ ಟಿಕೆಟ್ ಕೂಡ ಸಿಗುತ್ತದೆ. ಮನೆಯಿಂದ ಹೊರಡುವಾಗಲೇ ತೆಗೆದುಬಿಡಿ. ಹಳಿ ಪಕ್ಕ ನಿಂತುಕೊಂಡು ತೆಗೆಯಲು ಹೋದರೆ ಆ್ಯಪು ಒಪ್ಪಲ್ಲ, ಟಿಸಿಯನ್ನು ಕಂಡ ಮೇಲೆ ಟಿಕೆಟ್ ತೆಗೆಯುವ ಜಾಣರಿಗಾಗಿ ಆ ಕಟ್ಟು ಹಾಕಿದ್ದಾರೆ.

ಪ್ರಶ್ನೆ: ನಾನು ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಡಿಗ್ರಿ ಕಾಲೇಜಿಗೆ ಹೋಗುತ್ತೇನೆ. ಹುಡುಗಿಯರಿಗೆ ರೈಲು ಪಾಸ್ ಪುಕ್ಕಟೆ ಅಂತ ಯಾರೋ ಹೇಳಿದರು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ನಿಜಾನಾ?
— ಬಿ.ಕಾಂ. ಎರಡನೇ ವರ್ಷ

ಉತ್ತರ: ನಿಜ ತಂಗಿ, ನಕ್ಕವರಿಗೆ ಈ ಪುಟ ತೋರಿಸು. ಮನೆಯ ಸ್ಟೇಷನ್ನಿನಿಂದ ಕಾಲೇಜಿನ ಸ್ಟೇಷನ್ನಿಗೆ ಸೆಕೆಂಡ್ ಕ್ಲಾಸಿನ ತಿಂಗಳ ಪಾಸು ಹುಡುಗಿಯರಿಗೆ ಪದವಿ ಮುಗಿಯುವವರೆಗೆ, ಹುಡುಗರಿಗೆ 12ನೇ ತರಗತಿವರೆಗೆ ಉಚಿತ. ಕಾಲೇಜಿನವರು ನಿಗದಿತ ಫಾರಂ ತುಂಬಿ, ಪ್ರಿನ್ಸಿಪಾಲರ ಸಹಿ, ಸಿಕ್ಕಾ ಹಾಕಿ ಕೊಡಬೇಕು. ಕೆಲವು ಕಾಲೇಜು ಆಫೀಸಿನಲ್ಲಿ "ಅಂಥ ಫಾರಂ ನಮ್ಮಲ್ಲಿಲ್ಲ" ಅನ್ನುತ್ತಾರೆ. ಸ್ಟೇಷನ್ನಿನಲ್ಲಿ ಕೇಳಿ ಒಂದು ತಂದು ಅವರ ಟೇಬಲ್ ಮೇಲೆ ಇಡು. ಪಿಯುಸಿ ದಾಟಿದ ನಿನ್ನ ಅಣ್ಣ-ತಮ್ಮಂದಿರಿಗೆ ಪುಕ್ಕಟೆ ಇಲ್ಲ, ವಿದ್ಯಾರ್ಥಿ ರಿಯಾಯಿತಿ ಇದೆ, ಅರ್ಧ ದುಡ್ಡು.

ಪಾಸು ಇದೆ ಅಂತ ಸ್ಲೀಪರ್ ಡಬ್ಬಿ ಹತ್ತಬೇಡ, ಅದಕ್ಕೆ ನಡೆಯಲ್ಲ. ಗುರುತಿನ ಚೀಟಿ ಜೊತೆಗಿರಲಿ.

ಪ್ರಶ್ನೆ: ನಮ್ಮ ತಾಯಿ ಕಾಯಿಪಲ್ಲೆ ಬುಟ್ಟಿ ಹೊತ್ತು ಗದಗ ಸಂತೆಗೆ ಗಾಡಿಯಲ್ಲಿ ಹೋಗುತ್ತಾಳೆ. ನಮ್ಮ ಸ್ಟೇಷನ್ನಿನ ಕಟ್ಟೆ ಎತ್ತರವೇ ಇಲ್ಲ, ಹತ್ತುವುದೇ ಕಷ್ಟ. ಅದರ ಮೇಲೆ ಬುಟ್ಟಿಗೂ ದುಡ್ಡು ಕಟ್ಟು ಎಂದು ಒಬ್ಬರು ಹೆದರಿಸಿದರಂತೆ. ಎಷ್ಟು ತೂಕ ಒಯ್ಯಬಹುದು?
— ಗದಗ ತಾಲೂಕು

ಉತ್ತರ: ಸೆಕೆಂಡ್ ಕ್ಲಾಸ್ ಟಿಕೆಟ್ಟಿಗೆ 35 ಕಿಲೋವರೆಗೆ ಸಾಮಾನು ಪುಕ್ಕಟೆ. ಕೊತ್ತಂಬರಿ, ಮೆಂತ್ಯೆ, ಪುಂಡಿಪಲ್ಲೆಯ ಒಂದು ಬುಟ್ಟಿ ಅಷ್ಟು ತೂಗುವುದೇ ಇಲ್ಲ. ಬದನೆಕಾಯಿ, ಟೊಮೆಟೊ ಎರಡು ಬುಟ್ಟಿ ಆದರೆ ದಾಟಬಹುದು, ಆಗ ಬುಕ್ ಮಾಡಬೇಕು. ಬುಟ್ಟಿ ಬಾಗಿಲಲ್ಲಿ ಅಡ್ಡ ಇಟ್ಟರೆ ಮಾತ್ರ ಜಗಳ ಬರುತ್ತದೆ, ಸೀಟಿನ ಕೆಳಗೆ ಸರಿಸಿದರೆ ಯಾರೂ ಕೇಳಲ್ಲ. ಹೆದರಿಸಿದವರು ರಸೀದಿ ಕೊಡದೆ ದುಡ್ಡು ಕೇಳಿದ್ದರೆ ಕೊಡಬೇಡಿ. ರಸೀದಿ ಕೇಳಿ ಎಂದು ಅವ್ವನಿಗೆ ಹೇಳಿಕೊಡಿ. ಆ ಒಂದು ಮಾತಿಗೆ ಅರ್ಧ ಜನ ಹಿಂದೆ ಸರಿಯುತ್ತಾರೆ.

ಕಟ್ಟೆಯ ಮಾತು ಮಾತ್ರ ನೀವು ಹೇಳಿದ್ದಕ್ಕಿಂತ ದೊಡ್ಡದು. ಹಳ್ಳಿ ಸ್ಟೇಷನ್ನಿನಲ್ಲಿ ಬುಟ್ಟಿಯವರು ಹತ್ತುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಗಾಡಿ ಇನ್ನೂ ನಿಂತಿರುವುದಿಲ್ಲ, ಅಷ್ಟರಲ್ಲಿ ಸಿಂಬಿಯ ಮೇಲಿನ ಬುಟ್ಟಿ ಎರಡೂ ಕೈಗೆ ಇಳಿದಿರುತ್ತದೆ. ಡಬ್ಬಿಯ ಕೆಳಗಿನ ಮೆಟ್ಟಿಲು ಎದೆಮಟ್ಟಕ್ಕೆ ಹತ್ತಿರ. ಮೊದಲು ಬುಟ್ಟಿ ಮೇಲಕ್ಕೆ, ಒಳಗಿದ್ದ ಯಾರೋ ಅದರ ಅಂಚು ಹಿಡಿದು ಎಳೆದುಕೊಳ್ಳಬೇಕು. ಆಮೇಲೆ ಎರಡೂ ಕಡೆ ಕಂಬಿ ಹಿಡಿದು, ಸೀರೆ ಮೊಳಕಾಲಿನವರೆಗೆ ಸರಿಸಿ ಹೆಂಗಸು ಮೇಲಕ್ಕೆ. ಕಡೆಗೆ ತಕ್ಕಡಿ, ಕಲ್ಲು ಇರುವ ಚೀಲವನ್ನು ಕೆಳಗಿದ್ದವರು ಎಸೆಯಬೇಕು. ಇಷ್ಟಕ್ಕೂ ಸಿಗುವುದು ಒಂದು ನಿಮಿಷ. ಒಳಗಿದ್ದವರು ಮೊಬೈಲು ನೋಡುತ್ತ ನಿಂತರೆ ಮುಗಿಯಿತು.

ರೈಲ್ವೆಯಲ್ಲಿ ಪ್ಲಾಟ್‌ಫಾರ್ಮಿಗೆ ಮೂರು ಎತ್ತರ ಇವೆ: ಹಳಿಯ ಮಟ್ಟದ್ದು, 455 ಮಿಲಿಮೀಟರಿನ ನಡುಮಟ್ಟದ್ದು, 760ರಿಂದ 840 ಮಿಲಿಮೀಟರಿನ ಎತ್ತರದ್ದು. ಗದಗ, ಧಾರವಾಡದಂಥ ಸ್ಟೇಷನ್ನಿಗೆ ಅಮೃತ್ ಭಾರತ್ ಯೋಜನೆಯಲ್ಲಿ ಹೊಸ ಮುಖ ಬಂತು, 2025ರ ಮೇ 22ರಂದು ಉದ್ಘಾಟನೆಯೂ ಆಯಿತು. ಚೆಂದ ಆಗಿವೆ, ಇಲ್ಲ ಅನ್ನಲ್ಲ. ಆದರೆ ಬುಟ್ಟಿ ಹತ್ತುವುದು ಅಲ್ಲಿ ಅಲ್ಲ, ಅದರ ಹಿಂದಿನ ಮೂರನೇ ಸ್ಟೇಷನ್ನಿನಲ್ಲಿ. ಕಮಾನಿಗೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಅಲ್ಲಿ ಕಟ್ಟೆ ಎತ್ತರಿಸಲು ಹೋಗಬೇಕು ಅನ್ನುವವನು ನಾನು. ಪಂಚಾಯಿತಿಯಿಂದ ಠರಾವು ಮಾಡಿಸಿ ವಿಭಾಗಕ್ಕೆ ಕಳಿಸಿ. ಅಲ್ಲಿಯವರೆಗೆ, ಅವ್ವನಿಗೆ ನಡುವಿನ ಡಬ್ಬಿ ಹತ್ತಲು ಹೇಳಿ. ಎಷ್ಟೋ ಕಡೆ ಕಟ್ಟೆಯ ಒಳ್ಳೆಯ ಭಾಗ ಸ್ಟೇಷನ್ ಕೋಣೆಯ ಎದುರಿಗಷ್ಟೇ ಇರುತ್ತದೆ, ಕಡೇ ಡಬ್ಬಿಗಳು ಕಲ್ಲಿನ ಮೇಲೆ ನಿಲ್ಲುತ್ತವೆ.

ಪ್ರಶ್ನೆ: ಊರು ಒಂದು ಕಡೆ, ಸ್ಟೇಷನ್ ಎರಡು ಕಿಲೋಮೀಟರ್ ಆಚೆ. ಹಳಿ ಹಾಕಿದವರಿಗೆ ಊರು ಕಾಣಲಿಲ್ಲವಾ?
— ಹಾವೇರಿ ಜಿಲ್ಲೆ

ಉತ್ತರ: ಕಂಡಿತ್ತು, ಆದರೆ ಅವರು ಊರಿಗಾಗಿ ಹಳಿ ಹಾಕಲಿಲ್ಲ. 1876–78ರ ದೊಡ್ಡ ಬರದಲ್ಲಿ ಈ ಭಾಗದಲ್ಲಿ ಜನ ಸತ್ತರು, ಕಾಳು ತಂದು ಮುಟ್ಟಿಸಲು ದಾರಿ ಇರಲಿಲ್ಲ. ಆಮೇಲೆ ಬರಗಾಲದ ರೈಲು ದಾರಿಗಳ ಮಾತು ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಆ ದಶಕದಲ್ಲೇ ಗದಗ, ಹುಬ್ಬಳ್ಳಿ, ಧಾರವಾಡ, ಹರಿಹರದ ಕಡೆ ಮೀಟರ್ ಗೇಜ್ ಹಳಿ ಬಿತ್ತು. ಬರದ ಹೆಸರಿನ ಜೊತೆಗೆ ಇನ್ನೊಂದು ಲೆಕ್ಕವೂ ಇತ್ತು. ನಮ್ಮ ಎರೆಹೊಲದ ಹತ್ತಿ ಬಂದರಿಗೆ ಹೋಗಬೇಕಿತ್ತು, ಗೋವಾದ ಮರ್ಮಗೋವಾವರೆಗೆ ದಾರಿ ಬೇಕಿತ್ತು. ಹಾಗಾಗಿ ಏರು ಕಡಿಮೆ ಇರುವ ಕಡೆ, ಉಗಿ ಇಂಜಿನ್ನಿಗೆ ನೀರು ಸಿಗುವ ಕಡೆ, ಭೂಮಿ ಸಸ್ತಾ ಸಿಗುವ ಕಡೆ ಗೆರೆ ಎಳೆದರು. ಊರು ಪಕ್ಕದಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ಜನ ನಡೆಯುತ್ತಾರೆ ಬಿಡು ಅಂದರು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿತು, 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, 2003ರಲ್ಲಿ ಹುಬ್ಬಳ್ಳಿಯೇ ವಲಯದ ಮುಖ್ಯ ಕಚೇರಿ ಆಯಿತು. ಹಳಿ ಅಗಲ ಆಯಿತು, ಸ್ಟೇಷನ್ ಮಾತ್ರ ಇದ್ದಲ್ಲೇ ಇದೆ. ನಿಮಗೆ ಈಗ ಬೇಕಾದದ್ದು ಇತಿಹಾಸ ಅಲ್ಲ, ಗಾಡಿ ಬರುವ ಹೊತ್ತಿಗೆ ಸ್ಟೇಷನ್ ಮುಂದೆ ಎರಡು ಟಂಟಂ. ಅದನ್ನು ಟಂಟಂನವರ ಜೊತೆಯೇ ಮಾತಾಡಬೇಕು.

ಪ್ರಶ್ನೆ: ಗಂಗೂಬಾಯಿ ಹಾನಗಲ್ ಅವರು ರೈಲಿನಲ್ಲಿ ಓಡಾಡಿ ಸಂಗೀತ ಕಲಿತರು ಅನ್ನುತ್ತಾರೆ. ಯಾವ ರೈಲು, ಎಲ್ಲಿಂದ ಎಲ್ಲಿಗೆ?
— ಸಂಗೀತದ ಹುಚ್ಚಿನವ, ಧಾರವಾಡ

ಉತ್ತರ: ಹುಬ್ಬಳ್ಳಿಯಿಂದ ಕುಂದಗೋಳಕ್ಕೆ. ಗುರು ಸವಾಯಿ ಗಂಧರ್ವರು ಕುಂದಗೋಳದವರು, ರಾಮಭಾವು ಕುಂದಗೋಳಕರ ಅಂತ ಹೆಸರು. ಗಂಗೂಬಾಯಿಯವರು ಇದ್ದದ್ದು ಹುಬ್ಬಳ್ಳಿಯಲ್ಲಿ. ಗಾಡಿ ಹಿಡಿದು ಹೋಗಿ, ಪಾಠ ಮುಗಿಸಿ, ಮತ್ತೆ ಗಾಡಿಯಲ್ಲೇ ಮನೆಗೆ. ಆಗ ಅದೇ ಗುರುಗಳ ಮನೆಯಲ್ಲಿದ್ದ ಹುಡುಗ ಭೀಮಸೇನ ಜೋಶಿಯವರು ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತಿದ್ದರು. ಈಗ ಒಂದು ಕ್ಷಣ ಆ ಕಾಲ ಯೋಚನೆ ಮಾಡಿ. ಒಬ್ಬ ಹೆಣ್ಣುಮಗಳು, ಮನೆ-ಮಕ್ಕಳು ಇರುವವಳು, ಹಾಡು ಕಲಿಯಲು ಒಬ್ಬಳೇ ರೈಲಿನಲ್ಲಿ ಓಡಾಡುವುದು. ಊರವರು ಸುಮ್ಮನೆ ಇದ್ದಾರೆಯೇ? ಆ ಗಾಡಿ ಹೊತ್ತಿಗೆ ಸರಿಯಾಗಿ ಬಂದು ಹೋಗದಿದ್ದರೆ ಆ ಪಾಠ ನಡೆಯುತ್ತಿತ್ತೋ ಇಲ್ಲವೋ. ಅವರೂ ದಿನದ ಕೆಲಸವನ್ನು ಗಾಡಿಯ ಹೊತ್ತಿಗೆ ಹೊಂದಿಸಿಕೊಂಡವರೇ, ನಿಮ್ಮ-ನಮ್ಮ ಹಾಗೆ.

ಭೀಮಸೇನರದ್ದೂ ರೈಲಿನ ಕತೆಯೇ. ಗದಗಿನ ಹುಡುಗ, 1933ರಲ್ಲಿ 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಟಿಕೆಟ್ಟಿಗೆ ದುಡ್ಡಿಲ್ಲ, ಗಾಡಿಯಲ್ಲಿ ಹಾಡುತ್ತ ದಾರಿ ಸಾಗಿಸಿದರು. ಗ್ವಾಲಿಯರ್, ಜಾಲಂಧರ್ ತನಕ ಸುತ್ತಿದರು. ತಂದೆ ಹುಡುಕಿ ಕರೆತಂದ ಮೇಲೆ ಗುರು ಸಿಕ್ಕದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ! (ಟಿಕೆಟ್ ಇಲ್ಲದೆ ಹೋಗುವುದಕ್ಕೆ ಈ ಕತೆಯನ್ನು ಯಾರೂ ಟಿಸಿ ಮುಂದೆ ಹೇಳಬೇಡಿ. ಮೊದಲು ಅಷ್ಟು ಚೆನ್ನಾಗಿ ಹಾಡಬೇಕಾಗುತ್ತದೆ.)

ಪ್ರಶ್ನೆ: ಜೋಡಿ ಹಳಿ ಆದ ಮೇಲೂ ನಮ್ಮ ಪ್ಯಾಸೆಂಜರ್ ಗಾಡಿಯನ್ನು ಪಕ್ಕದ ಹಳಿಗೆ ಹಾಕಿ ಅರ್ಧ ತಾಸು ನಿಲ್ಲಿಸುತ್ತಾರೆ. ಮನುಷ್ಯರಿಗಿಂತ ಕಲ್ಲಿದ್ದಲು ಹೆಚ್ಚಾ?
— ಸಿಟ್ಟಿನಲ್ಲಿ ಬರೆದವರು, ಗದಗ

ಉತ್ತರ: ಸಿಟ್ಟು ಸರಿಯೇ ಇದೆ. ಮೊದಲು ಒಂದೇ ಹಳಿ ಇದ್ದಾಗ ಎದುರಿನ ಗಾಡಿ ಬಂದು ದಾಟುವ ತನಕ ನಿಲ್ಲಬೇಕಿತ್ತು, ಅದೇ ಕ್ರಾಸಿಂಗ್. ಜೋಡಿ ಹಳಿ ಬಂದ ಮೇಲೆ ಎದುರಿನದ್ದರ ಕಾಟ ತಪ್ಪಿತು, ಹಿಂದಿನದ್ದು ಉಳಿಯಿತು. ಪ್ಯಾಸೆಂಜರ್ ಊರೂರಿಗೆ ನಿಂತು ಹೋಗುತ್ತದೆ. ಅದರ ಹಿಂದೆ ಎಕ್ಸ್‌ಪ್ರೆಸ್ ಬಂದರೆ ಅದೂ ತೆವಳಬೇಕು. ಹಾಗಾಗಿ ಒಂದು ಸ್ಟೇಷನ್ನಿನಲ್ಲಿ ನಿಮ್ಮ ಗಾಡಿಯನ್ನು ಲೂಪ್ ಲೈನಿಗೆ ತೆಗೆದುಕೊಂಡು, ಮೇನ್ ಲೈನಿನಲ್ಲಿ ಅದನ್ನು ದಾಟಿಸುತ್ತಾರೆ. ಎಕ್ಸ್‌ಪ್ರೆಸ್ ದಾಟಲು ನಿಂತರೆ ಒಪ್ಪಬಹುದು. ಗೂಡ್ಸ್ ಗಾಡಿ ದಾಟಿಸಲು ನಿಲ್ಲಿಸಿದರೆ ಅದು ಕಂಟ್ರೋಲಿನವರ (ಗಾಡಿಗಳ ಓಡಾಟ ನೋಡಿಕೊಳ್ಳುವವರ) ತೀರ್ಮಾನ, ಸ್ಟೇಷನ್ ಮಾಸ್ತರರದ್ದಲ್ಲ. ಅವರ ಮೇಲೆ ಕೂಗಾಡಿ ಉಪಯೋಗ ಇಲ್ಲ. ಈ ದಾರಿ ಮರ್ಮಗೋವಾ ಬಂದರಿಗೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ನಡುವಿನ ದಾರಿ, ಕಲ್ಲಿದ್ದಲಿನ ಗಾಡಿ ಇದ್ದೇ ಇರುತ್ತವೆ. ರೈಲ್ವೆಗೆ ದುಡ್ಡು ಬರುವುದು ಜಾಸ್ತಿ ಅದರಿಂದಲೇ, ಹತ್ತು ರೂಪಾಯಿ ಟಿಕೆಟ್ಟಿನಿಂದ ಅಲ್ಲ. ಹೀಗಂತ ಮುಂಜಾನೆ ಎಂಟರಿಂದ ಹತ್ತರ ಒಳಗೆ ಕೆಲಸಕ್ಕೆ ಹೋಗುವವರ ಗಾಡಿ ತಡೆಯುವುದು ಸರಿಯಲ್ಲ. ಯಾವ ದಿನ, ಎಲ್ಲಿ, ಎಷ್ಟು ಹೊತ್ತು ನಿಂತಿತು ಅಂತ ಒಂದು ತಿಂಗಳು ಬರೆದಿಟ್ಟು ಕಳಿಸಿ ನೋಡಿ. ಬರೀ "ದಿನಾ ಲೇಟು" ಎಂದರೆ ಯಾರೂ ಓದಲ್ಲ.

ಪ್ರಶ್ನೆ: ಕೊರೊನಾ ಆದ ಮೇಲೆ ಪಕ್ಕದ ಊರಿಗೆ 30 ರೂಪಾಯಿ ತೆಗೆದುಕೊಂಡರು, ಈಗ 10 ಅನ್ನುತ್ತಾರೆ. ಗಾಡಿ ನಂಬರೂ ಬದಲಾಗಿದೆ. ಏನಿದು ಆಟ?
— ಯಲವಿಗಿ

ಉತ್ತರ: 2020ರಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ "ಸ್ಪೆಷಲ್" ಹೆಸರಿನಲ್ಲಿ ಹೊರಟವು. ನಂಬರಿನ ಮುಂದೆ ಸೊನ್ನೆ, ದರ ಎಕ್ಸ್‌ಪ್ರೆಸ್ಸಿನದ್ದು, ಕನಿಷ್ಠ ₹30. ವೇಗ ಮಾತ್ರ ಹಳೆಯದೇ. 2024ರ ಫೆಬ್ರುವರಿ ಕೊನೆಗೆ ಹಳೆಯ ಸಾದಾ ದರ, ಅಂದರೆ ಕನಿಷ್ಠ ₹10, ಮತ್ತೆ ಬಂತು. 2025ರ ಜನವರಿಯಿಂದ ಸೊನ್ನೆಯೂ ಹೋಯಿತು. 2025ರ ಜುಲೈನಲ್ಲಿ ದರ ಏರಿಸಿದಾಗಲೂ ಸಾದಾ ಸೆಕೆಂಡ್ ಕ್ಲಾಸಿನಲ್ಲಿ 500 ಕಿಲೋಮೀಟರ್ ಒಳಗೆ ಏರಿಸಲಿಲ್ಲ, ತಿಂಗಳ ಪಾಸನ್ನೂ ಮುಟ್ಟಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯದೇ.

ಪ್ರಶ್ನೆ: ಹುಬ್ಬಳ್ಳಿಯ ಆ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ನಡೆದು ನಡೆದು ಸಂಜೆ ಲೋಕಲ್ ತಪ್ಪಿತು. ಅಷ್ಟು ಉದ್ದ ಯಾರಿಗೆ ಬೇಕಿತ್ತು?
— ಮೊಳಕಾಲು ನೋವಿನವರು, ಕುಂದಗೋಳ

ಉತ್ತರ: 1,507 ಮೀಟರ್, ಜಗತ್ತಿನಲ್ಲೇ ಉದ್ದ, 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅದಕ್ಕೂ ಮೊದಲು ಗೋರಖಪುರದ 1,366 ಮೀಟರ್ ದಾಖಲೆ ಇತ್ತು. ಒಂದರ ಹಿಂದೆ ಒಂದು ಎರಡು ಗಾಡಿ ನಿಲ್ಲಿಸಬಹುದು ಅನ್ನುವುದು ಅದರ ಉಪಯೋಗ. ನಿಮಗೆ ಉಪಯೋಗ ಆಗುವ ಮಾತು ಇಷ್ಟೇ: ಅನೌನ್ಸ್‌ಮೆಂಟಿನಲ್ಲಿ ಪ್ಲಾಟ್‌ಫಾರ್ಮ್ ನಂಬರ್ ಕೇಳಿದರೆ ಸಾಲದು, ಗಾಡಿ ಯಾವ ತುದಿಗೆ ನಿಂತಿದೆ ಎಂದು ಕೂಲಿಯವರನ್ನು ಕೇಳಿ ಹೆಜ್ಜೆ ಹಾಕಿ.

ಪ್ರಶ್ನೆ: ಗೇಟು ತೆಗೆದು ಹಳಿ ಕೆಳಗೆ ದಾರಿ ಮಾಡಿದರು. ಮಳೆಗಾಲದಲ್ಲಿ ಅದು ಬಾವಿ ಆಗುತ್ತದೆ. ಸ್ಟೇಷನ್ನಿಗೆ, ಹೊಲಕ್ಕೆ ಹಳಿ ದಾಟಿಯೇ ಹೋಗಬೇಕು.
— ಸವಣೂರು ತಾಲೂಕು

ಉತ್ತರ: ಎರೆ ಮಣ್ಣಿನಲ್ಲಿ ತಗ್ಗು ತೋಡಿದರೆ ನೀರು ಇಂಗುವುದಿಲ್ಲ, ನಿಲ್ಲುತ್ತದೆ. ಇದು ನಮ್ಮ ಕಡೆ ಎತ್ತು ಹೂಡುವ ಹುಡುಗನಿಗೂ ಗೊತ್ತು. ಗೇಟು ತೆಗೆದದ್ದು ತಪ್ಪಲ್ಲ. ಕಾವಲಿಲ್ಲದ ಗೇಟುಗಳಲ್ಲಿ ಟ್ರ್ಯಾಕ್ಟರು, ಟಂಪೋ ಸಿಕ್ಕಿ ಬಹಳ ಜನ ಸತ್ತಿದ್ದಾರೆ. ಆದರೆ ಕೆಳದಾರಿ ಮಾಡಿದ ಮೇಲೆ ನೀರು ಹೊರಗೆ ಹೋಗಲು ಗಟಾರ ಬೇಕು, ಇಲ್ಲಾ ಪಂಪು ಬೇಕು, ಮೇಲೆ ಶೀಟು ಬೇಕು. ರೈಲ್ವೆಯವರು ರಸ್ತೆ ಪಂಚಾಯಿತಿಯದು ಅನ್ನುತ್ತಾರೆ, ಪಂಚಾಯಿತಿಯವರು ಸೇತುವೆ ರೈಲ್ವೆಯದು ಅನ್ನುತ್ತಾರೆ. ನಡುವೆ ನೀರು ಯಾರದ್ದೂ ಅಲ್ಲ. ಇಬ್ಬರನ್ನೂ ಒಂದೇ ದಿನ ಒಂದೇ ಜಾಗಕ್ಕೆ ಕರೆಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಬೇಸಗೆಯಲ್ಲಿ ಅಲ್ಲ, ನೀರು ನಿಂತಾಗಲೇ ಕರೆಸಿ. ಹಳಿ ದಾಟುವುದು ಮಾತ್ರ ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ₹1,000ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅದಕ್ಕಿಂತ ಮುಖ್ಯ, ಕರೆಂಟು ಇಂಜಿನ್ ಬಂದ ಮೇಲೆ ಗಾಡಿ ಬರುವ ಸಪ್ಪಳವೇ ಕಡಿಮೆ ಆಗಿದೆ.

ಪ್ರಶ್ನೆ: ಹಾವೇರಿ ಸ್ಟೇಷನ್ನಿಗೆ ಮೈಲಾರ ಮಹದೇವಪ್ಪ ಅಂತ ಹೆಸರು. ಮಗ ಕೇಳಿದ, ಮೈಲಾರ ದೇವರಾ ಅಂತ. ನನಗೂ ಹೇಳಲು ಬರಲಿಲ್ಲ.
— ಹಾವೇರಿ

ಉತ್ತರ: ದೇವರಲ್ಲ, ನಿಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಸ್ವಾತಂತ್ರ್ಯ ಹೋರಾಟಗಾರ. ಹದಿಹರೆಯದಲ್ಲೇ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಮಗನನ್ನು ಒಂದು ದಿನ ಹೊಸರಿತ್ತಿಗೆ ಕರೆದುಕೊಂಡು ಹೋಗಿ, ದೂರ ಏನಿಲ್ಲ.

ಪ್ರಶ್ನೆ: ನನಗೆ ರೈಲು ಪಾಸ್ ಇದೆ, ನನ್ನ ಹೆಂಡತಿಗೆ ಬಸ್ ಫ್ರೀ. ಇಬ್ಬರೂ ಹುಬ್ಬಳ್ಳಿಗೇ ಕೆಲಸಕ್ಕೆ ಹೋಗುತ್ತೇವೆ, ಬೇರೆ ಬೇರೆ. ಆಕೆ "ನೀವೇ ಬಸ್ಸಿಗೆ ಬನ್ನಿ" ಅನ್ನುತ್ತಾಳೆ, ನಾನು "ನೀನೇ ರೈಲಿಗೆ ಬಾ" ಅನ್ನುತ್ತೇನೆ. ತೀರ್ಪು ಕೊಡಿ.
— ಗುಡಗೇರಿ

ಉತ್ತರ: ಗಂಡ-ಹೆಂಡತಿ ಜಗಳದಲ್ಲಿ ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ಲೆಕ್ಕ ಬೇಕಾದರೆ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳು ರೈಲು ಬಿಟ್ಟು ಬಸ್ಸು ಹಿಡಿದರು, ಅದರಲ್ಲಿ ತಪ್ಪೇನೂ ಇಲ್ಲ. ಬಸ್ಸು ಊರೊಳಗೆ ಬರುತ್ತದೆ, ದುಡ್ಡು ಕೇಳಲ್ಲ, ಒಂದು ತಪ್ಪಿದರೆ ಇನ್ನೊಂದು ಇರುತ್ತದೆ. ರೈಲಿನಲ್ಲಿ ಕೂರಲು ಜಾಗ ಇದೆ, ಸಂಡಾಸು ಇದೆ, ಸೊಂಟ ಉಳಿಯುತ್ತದೆ. ನಿಮ್ಮ ತಿಂಗಳ ಪಾಸಿನ ದುಡ್ಡು ಒಂದು ವಾರದ ಬಸ್ ಚಾರ್ಜಿಗಿಂತ ಹೆಚ್ಚಿರಲಿಕ್ಕಿಲ್ಲ, ಹಾಗಾಗಿ ನೀವು ರೈಲು ಬಿಡಬೇಡಿ. ಆಕೆಗೆ ಪುಕ್ಕಟೆ ಇದ್ದದ್ದನ್ನು ಬಿಟ್ಟು ಬಾ ಅನ್ನುವುದೂ ಸರಿಯಲ್ಲ. ಮುಂಜಾನೆ ಬೇರೆ ಬೇರೆ ಹೋಗಿ. ಸಂಜೆ ರೈಲಿಗೆ ಒಟ್ಟಿಗೆ ಬನ್ನಿ, ಆಕೆಯ ಟಿಕೆಟ್ ನೀವು ತೆಗೆಯಿರಿ. ನಿಮ್ಮ ಸ್ಟೇಷನ್ನಿನ ಲೆಕ್ಕಕ್ಕೂ ಒಂದು ಬೇಕು ಅನ್ನುವುದಾದರೆ ರಿಟರ್ನ್ ಟಿಕೆಟ್ ತೆಗೆದು ಒಂದು ದಿನ ಆಕೆಯನ್ನು ಮುಂಜಾನೆ ಗಾಡಿಗೂ ಕರೆದುಕೊಂಡು ಬನ್ನಿ, ಶೇಂಗಾ ಕೊಡಿಸಿ.

ಪ್ರಶ್ನೆ: ಸಂಜೆ ಗಾಡಿಯಲ್ಲಿ ಇಸ್ಪೀಟು ಆಡುವ ಗುಂಪು ಎಂಟು ಜನರ ಸೀಟು ಹಿಡಿದು ನಾಲ್ಕೇ ಜನ ಕೂರುತ್ತಾರೆ. ಎದ್ದೇಳಿ ಎಂದರೆ "ನಮ್ಮವರು ಮುಂದಿನ ಸ್ಟೇಷನ್ನಿನಲ್ಲಿ ಹತ್ತುತ್ತಾರೆ" ಅನ್ನುತ್ತಾರೆ.
— ನಿಂತೇ ಹೋಗುವವಳು, ಹುಲಕೋಟಿ

ಉತ್ತರ: ಸಾದಾ ಡಬ್ಬಿಯಲ್ಲಿ ಯಾರೂ ಯಾರಿಗೂ ಸೀಟು ಹಿಡಿಯುವಂತಿಲ್ಲ, ಟವೆಲ್ಲಿಗೆ ಟಿಕೆಟ್ ಇಲ್ಲ. ಟವೆಲ್ ಪಕ್ಕಕ್ಕೆ ಸರಿಸಿ ಕುಳಿತುಬಿಡಿ ಅಕ್ಕಾ. ದನಿ ಏರಿಸಿದರೆ ಡಬ್ಬಿಯ ನಂಬರ್ ನೋಡಿಕೊಂಡು 139ಕ್ಕೆ ಫೋನ್ ಹಚ್ಚಿ, ಅವರಿಗೆ ಕೇಳಿಸುವ ಹಾಗೆ ಮಾತಾಡಿ. ದುಡ್ಡು ಕಟ್ಟಿ ಆಡುತ್ತಿದ್ದರೆ ಅದನ್ನೂ ಹೇಳಿ.